ಇಲ್ಲದ ಬೆಟ್ಟ, ಕೇಳದ ಮಾತು

1818ರ ಆಗಸ್ಟ್ ಕೊನೆಯ ದಿನ. ಕೆನಡಾದ ಉತ್ತರ ತುದಿಯ ಲ್ಯಾಂಕಾಸ್ಟರ್ ಜಲಸಂಧಿಯಲ್ಲಿ ಕ್ಯಾಪ್ಟನ್ ಜಾನ್ ರಾಸ್‌ಗೆ ಬೆಟ್ಟಸಾಲೊಂದು ದಾರಿಗೆ ಅಡ್ಡ ನಿಂತಂತೆ ಕಂಡಿತು. ಅದಕ್ಕೆ ಬ್ರಿಟಿಷ್ ನೌಕಾ ಇಲಾಖೆಯ ಕಾರ್ಯದರ್ಶಿ ಕ್ರೋಕರ್‌ನ ಹೆಸರಿಟ್ಟು ಹಡಗು ಹಿಂತಿರುಗಿಸಿದ. ಮರುವರ್ಷ ಎಡ್ವರ್ಡ್ ಪ್ಯಾರಿ ಆ ಬೆಟ್ಟದ ನಡುವೆಯೇ ಹಾಯಾಗಿ ತೇಲಿಕೊಂಡು ಹೋದ. ಅಲ್ಲಿ ಇದ್ದದ್ದು ಬರೀ ನೀರು. ನಮ್ಮ ಬಿಸಿಲ್ಗುದುರೆಗೆ ಬಿಸಿಲು ಬೇಕು; ಧ್ರುವದಲ್ಲಿ ಅದು ಚಳಿಯಲ್ಲೂ ಓಡುತ್ತದೆ.

ಬ್ರಿಟಿಷರು ಹುಡುಕುತ್ತಿದ್ದದ್ದು ಅಮೆರಿಕ ಖಂಡದ ಉತ್ತರದ ಕಡಲಿನಲ್ಲಿ ಚೀನಾಕ್ಕೆ ಒಳದಾರಿ. 1576ರಲ್ಲಿ ಹೊರಟ ಮಾರ್ಟಿನ್ ಫ್ರೋಬಿಶರ್ ದಾರಿಯ ಬದಲು ಕಪ್ಪು ಕಲ್ಲೊಂದನ್ನು ತಂದ. ಅದರಲ್ಲಿ ಚಿನ್ನವಿದೆ ಎಂದು ನಂಬಿ 1578ರಲ್ಲಿ ಹದಿನೈದು ಹಡಗು ಕಳಿಸಿ, ಸಾವಿರಕ್ಕೂ ಹೆಚ್ಚು ಟನ್ ಕಲ್ಲು ಹೊತ್ತು ತಂದರು. ಕವಡೆ ಕಿಮ್ಮತ್ತೂ ಹುಟ್ಟಲಿಲ್ಲ. 1611ರಲ್ಲಿ ಹೆನ್ರಿ ಹಡ್ಸನ್‌ನನ್ನು ಅವನ ನಾವಿಕರೇ ಮಗನ ಸಮೇತ ದೋಣಿಯಲ್ಲಿ ಕೂರಿಸಿ ಕಡಲಿಗೆ ಬಿಟ್ಟರು. ಆಮೇಲೆ ಹುಮ್ಮಸ್ಸು ಏರಿಳಿಯುತ್ತಲೇ ಇತ್ತು. 1815ರಲ್ಲಿ ನೆಪೋಲಿಯನ್ ಯುದ್ಧ ಮುಗಿದು ನೌಕಾಪಡೆಯ ಅಧಿಕಾರಿಗಳು ಅರ್ಧ ಸಂಬಳದಲ್ಲಿ ಮನೆಯಲ್ಲಿ ಕೂತಾಗ, ಇಲಾಖೆಯ ಜಾನ್ ಬ್ಯಾರೊ ಅವರನ್ನು ಮಂಜುಗಡ್ಡೆಯ ಕಡೆಗೆ ಅಟ್ಟಿದ.

ಪ್ಯಾರಿ ಮಾತ್ರ ಜಾಣ. ಮೆಲ್ವಿಲ್ ದ್ವೀಪದಲ್ಲಿ ಸುಮಾರು ಮೂರು ತಿಂಗಳು ಸೂರ್ಯನ ಮುಖ ಕಾಣದ ಚಳಿಗಾಲದಲ್ಲಿ ನಾವಿಕರಿಂದ ನಾಟಕ ಆಡಿಸಿದ, ಪತ್ರಿಕೆ ಹೊರಡಿಸಿದ. ಕ್ಯಾಬಿನ್ನಿನ ಒಲೆಯ ಕೊಳವೆಯ ಪಕ್ಕ ಮಣ್ಣಿನ ಪೆಟ್ಟಿಗೆಗಳನ್ನಿಟ್ಟು ಸಾಸಿವೆ ಸೊಪ್ಪು ಬೆಳೆದ. ಬೆಳಕಿಲ್ಲದೆ ಬಿಳಿಚಿಕೊಂಡ ಆ ಎಲೆಗಳೇ, ಹಸಿ ಸೊಪ್ಪು ಹಣ್ಣು ಸಿಗದೆ ಬರುವ ಸ್ಕರ್ವಿ ರೋಗ ಹಿಡಿದವರಿಗೆ ಮದ್ದಾದವು.

1845ರಲ್ಲಿ ಜಾನ್ ಫ್ರಾಂಕ್ಲಿನ್ ಹೊರಟದ್ದು ಬೇರೆಯೇ ಠೀವಿಯಲ್ಲಿ. ಎರೆಬಸ್, ಟೆರರ್ ಎಂಬ ಎರಡು ಹಡಗು, ರೈಲಿನ ಉಗಿಯಂತ್ರ, ಸಾವಿರಕ್ಕೂ ಹೆಚ್ಚು ಪುಸ್ತಕ, ಮೂರು ವರ್ಷಕ್ಕಾಗುವ ಡಬ್ಬಿ ಆಹಾರ, 129 ಜನ. ಒಬ್ಬನೂ ಮರಳಲಿಲ್ಲ. 1854ರಲ್ಲಿ ಜಾನ್ ರೇ ಎಂಬ ವೈದ್ಯ ಆ ಹಿಮನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನರಿಂದ ಸುದ್ದಿ ತಂದ: ಬಿಳಿಯರು ಹಸಿವಿನಿಂದ ಸತ್ತರು, ಕೊನೆಗೆ ಸತ್ತವರನ್ನೇ ತಿಂದರು. ಇನುಯಿಟ್ ಜನರಿಂದ ಕೊಂಡ ಬೆಳ್ಳಿಯ ಚಮಚಗಳೂ ಅವನ ಕೈಯಲ್ಲಿದ್ದವು. ಲಂಡನ್ ಕೆಂಡವಾಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಇನುಯಿಟ್ ಸಾಕ್ಷ್ಯವನ್ನು ಕಾಡು ಜನರ ಮಾತೆಂದು ತಳ್ಳಿಹಾಕಿದ. ವಿಕ್ಟೋರಿಯಾ ರಾಣಿಯ ಇಂಗ್ಲೆಂಡಿನಲ್ಲಿ ಬೂಟು ತಿನ್ನುವವರೆಗೆ ಗೌರವವಿತ್ತು (ಹಿಂದಿನ ಯಾತ್ರೆಯಲ್ಲಿ ಫ್ರಾಂಕ್ಲಿನ್ ಬೂಟಿನ ಚರ್ಮ ತಿಂದು ಹೆಸರಾಗಿದ್ದ), ಅದರಾಚೆಗಿನ ಹಸಿವು ಅದಕ್ಕೆ ಬೇಕಿರಲಿಲ್ಲ.

1859ರಲ್ಲಿ ಫ್ರಾಂಕ್ಲಿನ್ ತಂಡವನ್ನು ಹುಡುಕಿ ಹೊರಟ ಮೆಕ್‌ಕ್ಲಿಂಟಾಕ್‌ನ ತಂಡಕ್ಕೆ ಜಾರುಬಂಡಿಯ ಮೇಲಿದ್ದ ದೋಣಿಯೊಂದು ಸಿಕ್ಕಿತು. ಒಳಗೆ ಎರಡು ಅಸ್ಥಿಪಂಜರ. ಜೊತೆಗೆ ರೇಷ್ಮೆ ಕರವಸ್ತ್ರ, ಬಾಚಣಿಗೆ, ಸೋಪು, ಚಪ್ಪಲಿ, ಚಾಕೊಲೇಟ್. ಹಸಿದವರು ಇದನ್ನೆಲ್ಲ ಹಗ್ಗ ಕಟ್ಟಿ ಎಳೆದಿದ್ದರು.

2014ರಲ್ಲಿ ಎರೆಬಸ್ ಸಿಕ್ಕಿತು, ಇನುಯಿಟ್ ಹಿರಿಯರು ಹೇಳುತ್ತ ಬಂದಿದ್ದ ಕಡೆಯಲ್ಲೇ. ಎರಡು ವರ್ಷದ ಬಳಿಕ ಶೋಧನೌಕೆಯ ಇನುಯಿಟ್ ಸಿಬ್ಬಂದಿಯೊಬ್ಬ, ಹಿಂದೊಮ್ಮೆ ಮೀನಿಗೆ ಹೋದಾಗ ಮಂಜಿನಿಂದ ಮರದ ಕಂಬವೊಂದು ಮೇಲೆದ್ದಿದ್ದನ್ನು ಕಂಡಿದ್ದೆನೆಂದ. ಈ ಸಲ ಅವನ ಮಾತು ಕೇಳಿ ನೌಕೆ ಆ ಕೊಲ್ಲಿಗೆ ತಿರುಗಿತು. ಟೆರರ್ ಅಲ್ಲೇ ತಳದಲ್ಲಿತ್ತು.