ಆರನೇ ವಾರದ ಸೊಂಟದ ಸ್ಕ್ಯಾನ್: ಎಲ್ಲಿಂದ ಬಂತು, ನಮ್ಮಲ್ಲಿಗೆ ಯಾಕೆ ಇನ್ನೂ ತಲುಪಿಲ್ಲ

ಎಳೆ ಮಕ್ಕಳ ಸೊಂಟದ ಕೀಲಿನ ವಿಷ್ಯ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಹುಟ್ಟಿದ ದಿನ ಕಾಲು ಮಡಚಿ ಅಗಲಿಸಿ ನೋಡಿದ್ರೆ ಸಾಕು ಅಂತ ಒಬ್ಬ ಡಾಕ್ಟರು, ಆರು ವಾರಕ್ಕೆ ಅಲ್ಟ್ರಾಸೌಂಡ್ ಆಗ್ಲೇಬೇಕು ಅಂತ ಇನ್ನೊಬ್ರು, ನಾಲ್ಕೈದು ತಿಂಗಳು ಕಳೀಲಿ ಎಕ್ಸ್‌ರೇ ತೆಗೆಸೋಣ ಅಂತ ಮತ್ತೊಬ್ರು, ಮನೇಲಿ ಹಿರಿಯರು ನಡೆಯೋಕೆ ಶುರು ಮಾಡಿದ್ರೆ ತಾನಾಗೇ ಸರಿಹೋಗುತ್ತೆ ಬಿಡಿ ಅಂತಾರೆ. ಆಸ್ಟ್ರಿಯಾದಲ್ಲಿ ಹುಟ್ಟೋ ಪ್ರತಿ ಮಗುಗೂ ಸ್ಕ್ಯಾನ್, ಇಂಗ್ಲೆಂಡಲ್ಲಿ ಕೆಲವು ಮಕ್ಕಳಿಗೆ ಮಾತ್ರ, ನಮ್ಮಲ್ಲಿ ಕೇಳಿ ಮಾಡಿಸ್ಕೊಂಡೋರಿಗೆ ಮಾತ್ರ. ಒಂದೇ ಕಾಯಿಲೆಗೆ ಇಷ್ಟೊಂದು ದಾರಿ ಯಾಕಾಯ್ತು ಅಂತ ತಿಳೀಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಮೊದಲು ಕಾಯಿಲೆ ಏನು ಅಂತ. ತೊಡೆ ಮೂಳೆಯ ತುದಿ ಗುಂಡಗಿರುತ್ತೆ, ಅದು ಸೊಂಟದ ಮೂಳೆಯಲ್ಲಿರೋ ಬಟ್ಟಲಿನಂಥ ಗುಣಿ ಒಳಗೆ ಕೂತು ತಿರುಗುತ್ತೆ. ಕೆಲವು ಮಕ್ಕಳಲ್ಲಿ ಆ ಬಟ್ಟಲು ಆಳ ಇರಲ್ಲ, ತಟ್ಟೆ ಥರ ಚಪ್ಪಟೆ ಇರುತ್ತೆ, ಇನ್ನು ಕೆಲವರಲ್ಲಿ ಗುಂಡು ಆಚೆ ಈಚೆ ಜಾರ್ತಾ ಇರುತ್ತೆ, ಸಾವಿರಕ್ಕೆ ಒಂದೆರಡು ಮಕ್ಕಳಲ್ಲಿ ಪೂರ್ತಿ ಹೊರಗೇ ಇರುತ್ತೆ. ಡಾಕ್ಟರುಗಳು ಇದನ್ನ ಡಿಡಿಎಚ್ ಅಂತಾರೆ, ಡೆವಲಪ್‌ಮೆಂಟಲ್ ಡಿಸ್ಪ್ಲೇಸಿಯಾ ಆಫ್ ದ ಹಿಪ್. ಗಂಡು ಮಕ್ಕಳಿಗಿಂತ ಹೆಣ್ಣು ಮಕ್ಕಳಿಗೆ ಹಲವು ಪಟ್ಟು ಜಾಸ್ತಿ. ಚೊಚ್ಚಲ ಮಗು, ಹೊಟ್ಟೇಲಿ ತಲೆ ಮೇಲಾಗಿ ಕುಂಡಿ ಕೆಳಗಾಗಿ ಇದ್ದ ಮಗು, ಮನೇಲಿ ಮೊದಲೇ ಯಾರಿಗಾದ್ರೂ ಇದ್ದಿದ್ರೆ ಆ ಮಗು, ಇವ್ರಿಗೆಲ್ಲ ಅಪಾಯ ಹೆಚ್ಚು. ನೋವು ಇರಲ್ಲ, ಜ್ವರ ಬರಲ್ಲ, ಮಗು ಅಳಲ್ಲ. ಅದೇ ಕಷ್ಟ.

ನನ್ನ ಅಕ್ಕನ ಮಗಳು ಮೇಲೆ ಹೇಳಿದ್ರಲ್ಲಿ ಮೂರಕ್ಕೆ ಸೇರಿದೋಳು. ಚೊಚ್ಚಲು, ಹೆಣ್ಣು, ಉಲ್ಟಾ ಇದ್ದಿದ್ದಕ್ಕೇ ಸಿಸೇರಿಯನ್. ಡಿಸ್ಚಾರ್ಜ್ ಸಮ್ಮರೀಲಿ ಬ್ರೀಚ್, ಅಂದ್ರೆ ಉಲ್ಟಾ, ಅಂತ ಒಂದು ಪದ ಬರೆದಿತ್ತು, ಆ ಒಂದು ಪದಕ್ಕೆ ಮುಂದೆ ಏನು ಮಾಡ್ಬೇಕು ಅಂತ ಯಾರೂ ಹೇಳ್ಲಿಲ್ಲ, ನಮಗೂ ಕೇಳೋಕೆ ಗೊತ್ತಿರ್ಲಿಲ್ಲ. ಬಾಣಂತನದಲ್ಲಿ ಮಗೂಗೆ ನೀರು ಹಾಕೋಕೆ ಬರ್ತಿದ್ದ ಅಜ್ಜಿ ಮೂರನೇ ತಿಂಗಳಲ್ಲಿ ಒಂದಿನ ಎಣ್ಣೆ ಹಚ್ಚಿ ಎರಡೂ ಕಾಲು ಅಗಲಿಸ್ತಾ "ಎಡಗಾಲು ಬಿಚ್ಕೊಳ್ತಿಲ್ಲ ಕಣವ್ವ, ಬಿಗಿ ಹಿಡ್ದಂಗೈತೆ" ಅಂದ್ರು. ಆ ಮಾತನ್ನ ಇಲ್ಲೇ ಇಟ್ಟಿರಿ, ಮತ್ತೆ ಬರ್ತೀನಿ.

ಮಗು ಕುಂಟೋದನ್ನ ಹಳೇ ಗ್ರೀಕ್ ವೈದ್ಯ ಹಿಪಾಕ್ರಟೀಸನ ಕಾಲದಿಂದ್ಲೂ ಜನ ನೋಡಿದ್ದಾರೆ, ಒಳಗೆ ಏನಾಗಿದೆ ಅಂತ ಬದುಕಿರೋ ಮಗೂಲಿ ಕಾಣಿಸಿದ್ದು ಮಾತ್ರ 1895ರಲ್ಲಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದ ಮೇಲೇನೆ. ಆಮೇಲೆ ಫಿಲ್ಮ್ ಮೇಲೆ ಗೆರೆ ಎಳೆದು ಅಳೆಯೋ ಕ್ರಮ ಬಂತು, ಶೆಂಟನ್ ಗೆರೆ, 1925ರಲ್ಲಿ ಹಿಲ್ಗೆನ್‌ರೈನರ್ ಗೆರೆ, ಅದಾದ್ಮೇಲೆ ಪರ್ಕಿನ್ಸ್ ಗೆರೆ. ಇವತ್ತಿಗೂ ಮಕ್ಕಳ ಮೂಳೆ ಡಾಕ್ಟರು ಸ್ಕೇಲು ಪೆನ್ಸಿಲ್ ಹಿಡಿದು ಎಳೆಯೋದು ಇವನ್ನೇ, ಈಗ ಕಂಪ್ಯೂಟರಲ್ಲಿ ಎಳೀತಾರೆ ಅಷ್ಟೇ. ಆದ್ರೆ ಎಕ್ಸ್‌ರೇಗೆ ಒಂದು ದೊಡ್ಡ ಕೊರತೆ ಇದೆ. ಹುಟ್ಟಿದ ಮಗೂನ ತೊಡೆ ಗುಂಡು ಇನ್ನೂ ಮೂಳೆ ಆಗಿರಲ್ಲ, ಎಳನೀರೊಳಗಿನ ಗಂಜಿ ಥರ ಮೆದು ಇರುತ್ತೆ, ಬಲಿತು ಕೊಬ್ಬರಿ ಆಗೋಕೆ ಟೈಮ್ ಬೇಕು. ಎಕ್ಸ್‌ರೇ ಅದನ್ನ ಹಾಯ್ದು ಹೋಗ್ಬಿಡುತ್ತೆ, ಫಿಲ್ಮಲ್ಲಿ ಗುಂಡು ಇರಬೇಕಾದ ಜಾಗ ಖಾಲಿ ಕಾಣುತ್ತೆ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಒಳಗೊಂದು ಚುಕ್ಕಿ ಮೂಳೆ ಮೂಡುತ್ತೆ, ಆಗ ಎಕ್ಸ್‌ರೇ ನಂಬಬಹುದು. ಅಂದ್ರೆ ಸುಲಭವಾಗಿ ಸರಿಮಾಡಬಹುದಾದ ತಿಂಗಳುಗಳಲ್ಲೇ ಅದಕ್ಕೆ ಸರಿಯಾಗಿ ಕಾಣಲ್ಲ.

ಹಾಗಾಗಿ ಕೈಯೇ ಗತಿ ಆಯ್ತು. ಇಟಲಿಯ ಫೆರಾರಾದಲ್ಲಿ ಮಾರಿನೊ ಒರ್ಟೊಲಾನಿ ಅಂತ ಮಕ್ಕಳ ಡಾಕ್ಟರು, ಅವ್ರ ಹತ್ರ ಒಬ್ಬ ತಾಯಿ ಮಗೂನ ಕರ್ಕೊಂಡು ಬಂದು ಕುಂಡಿ ತೊಳೆಯೋವಾಗ ಸೊಂಟದಲ್ಲಿ ಕ್ಲಿಕ್ ಅನ್ನುತ್ತೆ ಅಂದ್ಲಂತೆ, ಅಲ್ಲಿಂದ ಹಿಡಿದು ಅವ್ರು ಅದನ್ನೇ ಪರೀಕ್ಷೆಯಾಗಿ ಮಾಡಿ 1937ರಲ್ಲಿ ಬರೆದ್ರು. ಜಾರಿದ ಗುಂಡು ಕಾಲು ಅಗಲಿಸ್ದಾಗ ಬಟ್ಟಲೊಳಗೆ ವಾಪಸ್ ಬೀಳೋದು ಕೈಗೆ ಗೊತ್ತಾಗುತ್ತೆ. ಇದಕ್ಕೆ ಉಲ್ಟಾ ಇನ್ನೊಂದು ಪರೀಕ್ಷೆ, ಒಳಗಿರೋ ಗುಂಡನ್ನ ಮೆಲ್ಲಗೆ ಹಿಂದಕ್ಕೆ ಒತ್ತಿ ಜಾರುತ್ತಾ ನೋಡೋದು, 1962ರಲ್ಲಿ ಇಂಗ್ಲೆಂಡಿನ ಡಾಕ್ಟರು ಬಾರ್ಲೋ ಬರೆದಿದ್ದು. ಅವ್ರು ಇನ್ನೊಂದು ಮುಖ್ಯ ವಿಷ್ಯ ಹೇಳಿದ್ರು. ಹುಟ್ಟಿದಾಗ 60 ಮಕ್ಕಳಲ್ಲಿ ಒಂದಕ್ಕೆ ಕೀಲು ಸಡಿಲ ಇರುತ್ತೆ, ಅದ್ರಲ್ಲಿ ಶೇ. 60ರಷ್ಟು ಮೊದಲ ವಾರದಲ್ಲೇ, ಶೇ. 88ರಷ್ಟು ಎರಡು ತಿಂಗಳೊಳಗೆ ತಾವೇ ಬಿಗಿಯಾಗ್ತವೆ. ತಾನಾಗೇ ಸರಿಹೋಗುತ್ತೆ ಅನ್ನೋ ಮಾತು ಪೂರ್ತಿ ಸುಳ್ಳಲ್ಲ. ಆದ್ರೆ ಎರಡು ತಿಂಗಳಾದ್ರೂ ಹೋಗದೆ ಉಳಿದ ಮಗು ಯಾವುದು ಅಂತ ಹುಡುಕೋದೇ ಇಡೀ ಸಮಸ್ಯೆ.

1969ರಿಂದ ಬ್ರಿಟನ್ನಿನಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಕೈಪರೀಕ್ಷೆ ಶುರುವಾಯ್ತು. ಸುಮಾರು ಮೂವತ್ತು ವರ್ಷ ಆದ್ಮೇಲೆ, 1998ರಲ್ಲಿ ಲೆಕ್ಕ ತೆಗೆದು ನೋಡಿದ್ರೆ, ಆಪರೇಷನ್ ಬೇಕಾದ ಮಕ್ಕಳು ಸಾವಿರಕ್ಕೆ 0.78, ಅಂಥವ್ರಲ್ಲಿ ಶೇ. 70 ಮಕ್ಕಳು ಮೂರು ತಿಂಗಳೊಳಗಿನ ಪರೀಕ್ಷೇಲಿ ಸಿಕ್ಕೇ ಇರ್ಲಿಲ್ಲ. ಇದು ಯಾರದ್ದೋ ಅಸಡ್ಡೆ ಅಂತ ನಾನು ಹೇಳಲ್ಲ, ಅಳೋ ಮಗೂನ ಕಾಲು ಹಿಡಿದು ಒಂದು ಮಿಲಿಮೀಟರ್ ಜಾರೋದನ್ನ ಬೆರಳಲ್ಲಿ ಗುರುತಿಸೋದು ಅಷ್ಟು ಸುಲಭದ ಕೆಲ್ಸ ಅಲ್ಲ, ಕೆಲವು ಕೀಲುಗಳು ಜಾರೋದೇ ಇಲ್ಲ, ಬರೀ ಬಟ್ಟಲು ಚಪ್ಪಟೆ ಇರುತ್ತೆ, ಅದಂತೂ ಕೈಗೆ ಸಿಗೋದೇ ಇಲ್ಲ. ಇನ್ನು ಕೆಲವು ಹುಟ್ಟಿದಾಗ ಸರಿಯಿದ್ದು ಆಮೇಲೆ ಕೆಡ್ತವೆ. ಅದಕ್ಕೇ 1989ರಲ್ಲಿ ಕ್ಲಿಸಿಚ್ ಅನ್ನೋ ಮೂಳೆ ಡಾಕ್ಟರು, ಇದನ್ನ ಹುಟ್ಟಿನಿಂದ ಬಂದ ಕಾಯಿಲೆ ಅನ್ನಬೇಡಿ, ಬೆಳವಣಿಗೇಲಿ ಆಗೋ ಕಾಯಿಲೆ ಅನ್ನಿ ಅಂತ ಹೇಳಿ ಹೆಸರೇ ಬದಲಾಗೋ ಹಾಗೆ ಮಾಡಿದ್ರು. ಡಿಡಿಎಚ್‌ನಲ್ಲಿರೋ ಮೊದಲ ಡಿ ಅದೇ.

ಅಲ್ಟ್ರಾಸೌಂಡ್ ಬಂದಿದ್ದು ಆಸ್ಟ್ರಿಯಾದ ಬೆಟ್ಟದ ಊರಿಂದ, ಸ್ಟೋಲ್ಜಾಲ್ಪೆ ಅಂತ. ಅಲ್ಲಿನ ಮೂಳೆ ಡಾಕ್ಟರು ರೈನ್‌ಹಾರ್ಡ್ ಗ್ರಾಫ್ 1980ರಲ್ಲಿ ಮೊದಲ ಲೇಖನ ಬರೆದ್ರು. ಎಕ್ಸ್‌ರೇ ಹಾಯ್ದುಹೋಗೋ ಮೆದು ಗುಂಡು ಅಲ್ಟ್ರಾಸೌಂಡಲ್ಲಿ ಕರಿ ಚೆಂಡಿನ ಥರ ಚೆನ್ನಾಗಿ ಕಾಣುತ್ತೆ, ಬಟ್ಟಲಿನ ಅಂಚು ಬೆಳ್ಳಗೆ ಮಿನುಗುತ್ತೆ. ಮಗೂನ ಪಕ್ಕಕ್ಕೆ ಮಲಗಿಸಿ ಸೊಂಟದ ಹೊರಬದಿಗೆ ಪ್ರೋಬ್ (ಸ್ಕ್ಯಾನ್ ಮಾಡೋ ಕೈಹಿಡಿ) ಇಟ್ಟು ಒಂದೇ ಒಂದು ಸರಿಯಾದ ಚಿತ್ರ ನಿಲ್ಲಿಸ್ಬೇಕು. ಆ ಚಿತ್ರದಲ್ಲಿ ಮೂರು ಗುರುತು ಕಾಣ್ಲೇಬೇಕು: ಬಟ್ಟಲಿನ ತಳದಲ್ಲಿ ಸೊಂಟ ಮೂಳೆ ಮುಗಿಯೋ ಜಾಗ, ಮೇಲೆ ನೆಟ್ಟಗೆ ಇರೋ ಮೂಳೆ, ಅಂಚಲ್ಲಿರೋ ತುಟಿಯಂಥ ಭಾಗ. ಮೂರ್ರಲ್ಲಿ ಒಂದು ತಪ್ಪಿದ್ರೂ ಆ ಚಿತ್ರ ಅಳೆಯೋ ಹಾಗಿಲ್ಲ, ಪ್ರೋಬ್ ಸ್ವಲ್ಪ ಓರೆ ಆದ್ರೆ ಒಳ್ಳೆ ಕೀಲೂ ಕೆಟ್ಟ ಹಾಗೆ ಕಾಣುತ್ತೆ. ಎಲ್ಲ ಸರಿಯಿದ್ರೆ ಗೆರೆ ಎಳೆದು ಕೋನ ಅಳೀತಾರೆ, ಆಲ್ಫಾ ಕೋನ. 60 ಡಿಗ್ರಿ ಅಥವಾ ಮೇಲಿದ್ರೆ ಸರಿ. 50ರಿಂದ 59 ಇದ್ದು ಮಗೂಗೆ ಮೂರು ತಿಂಗಳಾಗಿಲ್ಲ ಅಂದ್ರೆ ಇನ್ನೂ ಬಲೀಬೇಕು, ಮತ್ತೆ ನೋಡೋಣ ಅಂತ. ಅದಕ್ಕಿಂತ ಕೆಳಗೆ ಹೋದ್ರೆ ಚಿಕಿತ್ಸೆ. ಕೆಲವು ವರ್ಷದಲ್ಲೇ ಅಮೆರಿಕದ ಡೆಲವೇರ್‌ನಲ್ಲಿ ಹಾರ್ಕಿ ಅನ್ನೋ ರೇಡಿಯಾಲಜಿಸ್ಟು ಬರೀ ನಿಂತ ಚಿತ್ರ ಸಾಲದು, ಕಾಲು ಆಡಿಸ್ತಾ ಒತ್ತಿ ನೋಡ್ಬೇಕು ಅಂತ ಇನ್ನೊಂದು ಕ್ರಮ ತಂದ್ರು. ಇವತ್ತು ಒಳ್ಳೆ ಸೆಂಟರ್‌ಗಳಲ್ಲಿ ಎರಡನ್ನೂ ಸೇರಿಸಿ ಮಾಡ್ತಾರೆ.

ಆರನೇ ವಾರ ಯಾಕೆ ಅಂತ ಈಗ ಗೊತ್ತಾಗುತ್ತೆ. ಅದಕ್ಕೂ ಮುಂಚೆ ನೋಡಿದ್ರೆ ತಾವೇ ಸರಿಹೋಗೋ ಕೀಲುಗಳೆಲ್ಲ ಕಾಯಿಲೆ ಥರ ಕಂಡು ಸುಮ್ನೆ ಕಾಲು ಅಗಲಿಸಿ ಹಿಡಿಯೋ ಪಟ್ಟಿ ಹಾಕಿಸ್ಕೋತವೆ, ಆ ಪಟ್ಟಿ ಬಿಗಿಯಾದ್ರೆ ತೊಡೆ ಮೂಳೆಯ ಗುಂಡು ತುದಿಗೆ ರಕ್ತ ಹೋಗೋದು ನಿಂತು ಇನ್ನೊಂದು ತೊಂದರೆ. ತುಂಬ ತಡ ಆದ್ರೆ ಪಟ್ಟಿ ಕೆಲಸ ಮಾಡಲ್ಲ. ಈ ಪಟ್ಟಿ ಅಂದ್ರೆ ಪಾವ್ಲಿಕ್ ಹಾರ್ನೆಸ್ ಅಂತ ಬಟ್ಟೆಯ ಬೆಲ್ಟು, ಜೆಕ್ ಡಾಕ್ಟರು ಪಾವ್ಲಿಕ್ 1940ರ ದಶಕದಲ್ಲಿ ಮಾಡಿದ್ದು, ಮಗೂನ ಕಾಲು ಕಪ್ಪೆ ಥರ ಮಡಚಿ ಅಗಲಿಸಿ ಹಿಡಿಯುತ್ತೆ, ಮಗು ಒದೀತಾ ಆಡ್ತಾನೇ ಇರುತ್ತೆ, ಗುಂಡು ಬಟ್ಟಲನ್ನ ಒತ್ತಿ ಒತ್ತಿ ಅದೇ ಆಳ ಮಾಡ್ಕೊಳ್ಳುತ್ತೆ. ಆರು ತಿಂಗಳು ದಾಟಿದ ಮೇಲೆ ಅದು ನಡೆಯಲ್ಲ.

ಆಸ್ಟ್ರಿಯಾ 1992ರಲ್ಲಿ, ಜರ್ಮನಿ 1996ರಲ್ಲಿ ಎಲ್ಲ ಮಕ್ಕಳಿಗೂ ಸ್ಕ್ಯಾನ್ ಜಾರಿಗೆ ತಂದ್ವು. ಜರ್ಮನೀಲಿ ಆಮೇಲೆ ಆಪರೇಷನ್ ಸಾವಿರಕ್ಕೆ 0.26. ಬ್ರಿಟನ್ನಿನ 0.78ರ ಪಕ್ಕ ಇಟ್ಟು ನೋಡಿದ್ರೆ ನನಗಂತೂ ಯಾವ ಕಡೆ ವಾಲಬೇಕು ಅಂತ ಅನುಮಾನ ಬರಲ್ಲ. ಆದ್ರೆ ನಾರ್ವೆಯಲ್ಲಿ ಸರಿಯಾಗಿ ಗುಂಪು ಮಾಡಿ ಹೋಲಿಸಿದ್ರು. ಬರ್ಗೆನ್‌ನಲ್ಲಿ 11,925 ಮಕ್ಕಳು, 1994ರಲ್ಲಿ ಬಂದ ಫಲಿತಾಂಶ: ತಡವಾಗಿ ಸಿಕ್ಕವರು ಎಲ್ಲರಿಗೂ ಸ್ಕ್ಯಾನ್ ಮಾಡಿದ ಗುಂಪಲ್ಲಿ ಸಾವಿರಕ್ಕೆ 0.3, ಅಪಾಯ ಇದ್ದೋರಿಗೆ ಮಾತ್ರ ಮಾಡಿದ ಗುಂಪಲ್ಲಿ 0.7, ಮಾಡ್ದೇ ಇದ್ದ ಗುಂಪಲ್ಲಿ 1.3. ಇಳಿದಿದ್ದು ಕಾಣ್ತಾ ಇದೆ, ಆದ್ರೆ ಲೆಕ್ಕದ ಭಾಷೆಯಲ್ಲಿ ಈ ವ್ಯತ್ಯಾಸ ಆಕಸ್ಮಿಕ ಅಲ್ಲ ಅನ್ನೋಕೆ ಸಾಲ್ಲಿಲ್ಲ, ಜತೆಗೆ ಎಲ್ಲರಿಗೂ ಸ್ಕ್ಯಾನ್ ಮಾಡಿದ ಕಡೆ ಪಟ್ಟಿ ಹಾಕಿಸ್ಕೊಂಡ ಮಕ್ಕಳು ಶೇ. 3.4ಕ್ಕೆ ಏರಿದ್ರು, ಉಳಿದ ಗುಂಪುಗಳಲ್ಲಿ ಎರಡರ ಆಸುಪಾಸು. ಅಲ್ಲಿಂದ ಜಗತ್ತು ಎರಡು ಪಾಲಾಯ್ತು. ಇಂಗ್ಲೆಂಡು ಅಮೆರಿಕ ಎಲ್ಲ ಕೈಪರೀಕ್ಷೆ ಎಲ್ಲರಿಗೂ, ಸ್ಕ್ಯಾನ್ ಉಲ್ಟಾ ಇದ್ದ ಮಕ್ಕಳಿಗೆ, ಮನೆತನದಲ್ಲಿ ಇದ್ದೋರಿಗೆ, ಕೈಗೆ ಅನುಮಾನ ಬಂದೋರಿಗೆ ಅಂತ ನಡು ದಾರಿ ಹಿಡಿದ್ವು. ಈ ಜಗಳದಲ್ಲಿ ಒಂದು ವಿಷ್ಯ ಮರೆತುಹೋಗುತ್ತೆ, ಅಪಾಯ ಇರೋ ಮಗೂಗೆ ಸ್ಕ್ಯಾನ್ ಬೇಕು ಅನ್ನೋದ್ರಲ್ಲಿ ಎರಡೂ ಪಾಳಯಕ್ಕೆ ಜಗಳವೇ ಇಲ್ಲ.

ನಮ್ಮಲ್ಲಿ ಏನಾಯ್ತು. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ, ಅಂದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಹುಡುಕಬೇಕಾದ ಹುಟ್ಟು ದೋಷಗಳ ಪಟ್ಟೀಲಿ ಸೀಳುತುಟಿ, ಡೊಂಕುಪಾದದ ಜತೆ ಸೊಂಟದ ಕೀಲನ್ನೂ ಸೇರಿಸಿದೆ. ಕಾಗದದ ಮೇಲೆ ಇದೆ. ಸೀಳುತುಟಿ ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ. ನಮ್ಮ ಮಕ್ಕಳ ಮೂಳೆ ವೈದ್ಯರು ಮತ್ತು ಮಕ್ಕಳ ವೈದ್ಯರ ಸಂಘಗಳೂ ಒಟ್ಟಿಗೆ ಕೂತು ಲಸಿಕೆಗೆ ಬಂದಾಗಲೆಲ್ಲ ಸೊಂಟ ನೋಡಿ, ಅಪಾಯ ಇದ್ರೆ ಆರು ವಾರಕ್ಕೆ ಸ್ಕ್ಯಾನ್ ಮಾಡಿ ಅಂತ ಮಾರ್ಗಸೂಚಿ ಬರೆದಿವೆ. ನೀವೇ ನೋಡಿ, ನಮ್ಮ ಸರ್ಕಾರಿ ಲಸಿಕೆ ಪಟ್ಟೀಲಿ ಪೆಂಟಾ ಮೊದಲ ಡೋಸು ಬರೋದು ಆರನೇ ವಾರಕ್ಕೇ, ಒಂದೂವರೆ ತಿಂಗಳ ಇಂಜೆಕ್ಷನ್ ಅಂತ ಹಳ್ಳಿ ಹಳ್ಳೀಲೂ ಗೊತ್ತು, ಆಶಾ ಅಕ್ಕ ಮನೆಗೆ ಬಂದು ಕರೀತಾರೆ. ಮಗು ಆ ದಿನ ಬಂದೇ ಬರುತ್ತೆ. ತಾಯಿ ಕಾರ್ಡಲ್ಲಿ ಬ್ರೀಚ್ ಅಂತ ಇದ್ದವರಿಗೆ ಅವತ್ತೇ ಒಂದು ಚೀಟಿ ಬರೆದುಕೊಟ್ರೆ ಆಯ್ತು.

ಚೀಟಿ ಕೊಟ್ರೂ ಮಷಿನ್ ಎಲ್ಲಿ ಅನ್ನೋದು ಮುಂದಿನ ಗಂಟು. ಭ್ರೂಣಲಿಂಗ ಪತ್ತೆ ತಡೆಯೋಕೆ 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಅಲ್ಟ್ರಾಸೌಂಡ್ ಮಷಿನ್ ನೋಂದಣಿ ಆದ ಜಾಗದಲ್ಲೇ ಇರ್ಬೇಕು, ಕೈಯಲ್ಲಿ ಹಿಡ್ಕೊಂಡು ಊರೂರು ಸುತ್ತೋ ಹಾಗಿಲ್ಲ. ಈ ಕಾಯ್ದೆ ಬೇಕೇ ಬೇಕು, ನಮ್ಮ ಮಂಡ್ಯ ಕಡೆ 2023ರಲ್ಲಿ ಬಯಲಾದ ಭ್ರೂಣಲಿಂಗ ಪತ್ತೆ ಪ್ರಕರಣ ನೋಡಿದೋರು ಯಾರೂ ಇದನ್ನ ಸಡಿಲ ಮಾಡಿ ಅನ್ನಲ್ಲ. ಆದ್ರೆ ಹೆಣ್ಣು ಮಗು ಹುಟ್ಟಲಿ ಅಂತ ಇರೋ ಕಟ್ಟುಪಾಡೇ, ಹುಟ್ಟಿದ ಮೇಲೆ ಆ ಹೆಣ್ಣು ಮಗೂನ ಸೊಂಟದ ಹತ್ರ ಮಷಿನ್ ಬರೋಕೂ ಅಡ್ಡ ನಿಲ್ಲುತ್ತೆ. ಮಗೂನೇ ಮಷಿನ್ ಹತ್ರ ಹೋಗ್ಬೇಕು, ತಾಲ್ಲೂಕಿಗೆ ಇಲ್ಲಾ ಜಿಲ್ಲೆಗೆ. ಹೋದ್ರೂ ಗರ್ಭಿಣಿಯರ ಸ್ಕ್ಯಾನ್ ಸಾಲಾಗಿ ನಿಂತಿರುತ್ತೆ, ಮಗೂನ ಸೊಂಟ ನೋಡೋಕೆ ಕೈ ಪಳಗಿದ ಸೋನೋಲಜಿಸ್ಟು ಸಿಗಬೇಕು.

ಇನ್ನೊಂದು ಮಾತು, ಬಟ್ಟೆ ಸುತ್ತೋದು. ಜಪಾನಲ್ಲಿ ಮಕ್ಕಳ ಕಾಲು ನೆಟ್ಟಗೆ ಎಳೆದು ಕಟ್ಟೋ ರೂಢಿ ಬಿಡಿಸೋಕೆ 1970ರ ದಶಕದಲ್ಲಿ ದೊಡ್ಡ ಪ್ರಚಾರ ನಡೆಸಿದ್ರು, ಕೀಲು ಜಾರೋದು ಬಹಳ ಕಮ್ಮಿ ಆಯ್ತು. ನಮ್ಮಲ್ಲೂ ನೀರು ಹಾಕಿದ ಮೇಲೆ ಕಾಲು ಜೋಡಿಸಿ ಬಿಗಿಯಾಗಿ ಸುತ್ತೋದಿದೆ, ಅದು ಬೇಡ, ಕಾಲು ಮಡಚೋಕೆ ಜಾಗ ಬಿಟ್ಟು ಸುತ್ತಿ. ಮಗೂನ ಕಂಕುಳಲ್ಲಿ ಕಾಲು ಅಗಲಿಸಿ ಎತ್ಕೊಳ್ಳೋ ನಮ್ಮ ಅಭ್ಯಾಸ ಮಾತ್ರ ಕೀಲಿಗೆ ತುಂಬ ಒಳ್ಳೇದು.

ಈಗ ಆ ಅಜ್ಜಿ ಮಾತಿಗೆ ಬರ್ತೀನಿ. ಅಕ್ಕ ಆ ವಾರವೇ ಡಾಕ್ಟರಿಗೆ ತೋರಿಸಿದ್ಲು. ಕಾಲು ಅಗಲಿಸಿ ನೋಡಿ ಕ್ಲಿಕ್ ಇಲ್ಲ, ಆರಾಮಾಗಿದ್ದಾಳೆ ಅಂದ್ರು. ಎರಡು ಮೂರು ತಿಂಗಳು ಕಳೆದ್ರೆ ಸುತ್ತಲಿನ ಮಾಂಸಖಂಡ ಬಿಗಿಯಾಗಿ ಜಾರಿದ ಗುಂಡು ಜಾರಿದ ಕಡೆಯೇ ನಿಲ್ಲುತ್ತೆ, ಆಗ ಕ್ಲಿಕ್ ಸಿಗೋದೇ ಇಲ್ಲ, ಆ ವಯಸ್ಸಿಗೆ ನೋಡಬೇಕಾಗಿದ್ದೇ ಒಂದು ಕಾಲು ಕಮ್ಮಿ ಅಗಲ ಆಗೋದನ್ನ, ಅಂದ್ರೆ ಅಜ್ಜಿ ಹೇಳಿದ್ದನ್ನೇ. ಇದು ನಮಗೆ ಗೊತ್ತಾಗಿದ್ದು ಹದಿನಾಲ್ಕನೇ ತಿಂಗಳಲ್ಲಿ ಅವಳು ಎದ್ದು ನಡೆದು ಎಡಕ್ಕೆ ವಾಲಿದ ಮೇಲೆ. ಎಕ್ಸ್‌ರೇಲಿ ಎಡ ಗುಂಡು ಮೇಲೆ ಹೊರಗೆ, ಬಲಕ್ಕಿಂತ ಚಿಕ್ಕದಾಗಿ ಕಾಣ್ತಿತ್ತು. ಬೆಲ್ಟಿನ ಕಾಲ ಮುಗಿದಿತ್ತು. ಕೀಲು ತೆರೆದು ಕೂರಿಸಿದ್ರು, ಎದೆ ಕೆಳಗಿಂದ ಪಾದದ ತನಕ ಪಿಒಪಿ, ಮಧ್ಯ ಡೈಪರ್‌ಗೆ ಒಂದು ಕಿಂಡಿ, ಏಪ್ರಿಲ್ ಮೇ ಬಿಸಿಲು. ಒಳಗೆ ಬೆವರಿ ಕೆರೆತ ಬಂದಾಗ ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಡ್ತಿದ್ವಿ, ರಾಗಿ ಸರಿ ಮಲಗಿಸ್ಕೊಂಡೇ ತಿನ್ನಿಸ್ತಿದ್ವಿ. ಈಗ ಓಡ್ತಾಳೆ. ಬೆಳವಣಿಗೆ ಮುಗಿಯೋ ತನಕ ಆಗಾಗ ಎಕ್ಸ್‌ರೇ ತೆಗೆದು ಗೆರೆ ಎಳೆದು ನೋಡ್ತಾನೇ ಇರ್ಬೇಕು.

ಹೋದ ವರ್ಷ ಅಕ್ಕನಿಗೆ ಎರಡನೇ ಮಗಳು ಹುಟ್ಟಿದ್ಲು. ಈ ಸಲ ತಲೆ ಕೆಳಗೇ ಇತ್ತು, ಆದ್ರೂ ಮನೇಲಿ ಒಬ್ಬಳಿಗೆ ಇತ್ತಲ್ಲ, ಒಂದೂವರೆ ತಿಂಗಳ ಇಂಜೆಕ್ಷನ್ ದಿನವೇ ಬೆಳಗ್ಗೆ ಹಟ ಹಿಡಿದು ಸ್ಕ್ಯಾನಿಂಗ್‌ಗೆ ಬರೆಸ್ಕೊಂಡ್ವಿ. ಬಾಗಿಲ ಮೇಲೆ ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅನ್ನೋ ಬೋರ್ಡು. ಒಳಗೆ ಸೋನೋಲಜಿಸ್ಟು ಜೆಲ್ಲನ್ನ ಅಂಗೈಲಿ ಬೆಚ್ಚಗೆ ಮಾಡಿ ಹಚ್ಚಿದ್ರು, ಮಗು ಮುಷ್ಟಿ ಚೀಪ್ತಾ ಮಲಗಿತ್ತು, ಹತ್ತು ನಿಮಿಷ ಹಿಡೀತು ಅಷ್ಟೆ. ಆಲ್ಫಾ ಕೋನ ಎಡ 64, ಬಲ 65. ಅಲ್ಲಿಂದ ನೇರ ಪೆಂಟಾ ಹಾಕಿಸೋಕೆ ಹೋದ್ವಿ.