ಕೂಲಿ ಲೆಕ್ಕದಲ್ಲಿ ಎದ್ದ ಕಲ್ಲಿನ ಠಾಣೆ

1930ರ ದಶಕದ ಅಮೆರಿಕದ ಆರ್ಥಿಕ ಕುಸಿತ ಓದುವಾಗ ಪಿಡಬ್ಲ್ಯುಎ (ಪಬ್ಲಿಕ್ ವರ್ಕ್ಸ್ ಅಡ್ಮಿನಿಸ್ಟ್ರೇಷನ್), ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್) ಎಂಬ ಎರಡು ಸರ್ಕಾರಿ ಕಾಮಗಾರಿ ಯೋಜನೆಗಳ ಹೆಸರು ಕಾಡುತ್ತವೆ. ಅಕ್ಷರ ಅವೇ, ಜಾಗ ಮಾತ್ರ ಬೇರೆ! ನಾನೂ ಬಹಳ ದಿನ ಅದಲುಬದಲು ಮಾಡಿಕೊಂಡಿದ್ದೆ. ಒಂದು ಕಟ್ಟಡವನ್ನು ಹಿಡಿದು ಓದಿದ ಮೇಲೆ ಗೊಂದಲ ಹೋಯಿತು.

ಆ ಕಟ್ಟಡ ಇರುವುದು ಫ್ಲಾರಿಡಾದಲ್ಲಿ, ಮಯಾಮಿ ಪಕ್ಕದ ಕೋರಲ್ ಗೇಬಲ್ಸ್‌ನಲ್ಲಿ. ಜಾರ್ಜ್ ಮೆರಿಕ್ ಎಂಬುವರು ನಕ್ಷೆ ಹಾಕಿಸಿ, ಸೈಟು ಮಾರಿ ಕಟ್ಟಿದ ಊರು ಅದು. 1925ರಲ್ಲಿ ನಗರವಾಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಬಡಿಯಿತು, ಸೈಟು ವ್ಯಾಪಾರ ನೆಲಕಚ್ಚಿತು. ದೇಶ ಮುಗ್ಗರಿಸಿದ್ದು 1929ರಲ್ಲಿ, ಈ ಊರು ಮೂರು ವರ್ಷ ಮೊದಲೇ ಬಿದ್ದಿತ್ತು.

ಈಗ ಆ ಎರಡು ಹೆಸರು. ಪಿಡಬ್ಲ್ಯುಎ 1933ರದು, ಹೆರಾಲ್ಡ್ ಇಕಿಸ್ ಅವರ ಕೈಯಲ್ಲಿತ್ತು. ಕಾಮಗಾರಿ ಖಾಸಗಿ ಗುತ್ತಿಗೆದಾರರಿಗೆ ಹೋಗುತ್ತಿತ್ತು. ಡಬ್ಲ್ಯುಪಿಎ 1935ರದು, ಹ್ಯಾರಿ ಹಾಪ್ಕಿನ್ಸ್ ನಡೆಸಿದ್ದು. ಇಲ್ಲಿ ಕೆಲಸವಿಲ್ಲದವರಿಗೆ ಸರ್ಕಾರವೇ ಕೂಲಿ ಕೊಡುತ್ತಿತ್ತು. ಸಂಬಳ ಕೊಟ್ಟವರು ಯಾರು ಎಂದು ಕೇಳಿಕೊಳ್ಳಿ, ಮತ್ತೆ ತಪ್ಪುವುದಿಲ್ಲ.

ಕೋರಲ್ ಗೇಬಲ್ಸ್‌ನ ಪೊಲೀಸ್ ಮತ್ತು ಅಗ್ನಿಶಾಮಕ ಠಾಣೆ 1939ರಲ್ಲಿ ಮುಗಿದದ್ದು ಡಬ್ಲ್ಯುಪಿಎ ಕೆಲಸವಾಗಿ. ಆ ಯೋಜನೆಯ ಹಣದಲ್ಲಿ ಹೆಚ್ಚು ಪಾಲು ಕೂಲಿಗೇ ಮೀಸಲು. ಸಾಮಗ್ರಿಯ ಖರ್ಚಿನಲ್ಲಿ ದೊಡ್ಡ ಪಾಲನ್ನು ಸಾಮಾನ್ಯವಾಗಿ ಊರೇ ಹೊರಬೇಕಿತ್ತು. ಹಾಗಾದರೆ ಜಾಣತನ ಯಾವುದು? ಹತ್ತಿರದಲ್ಲೇ ಸಿಗುವ ಕಲ್ಲು, ಜಾಸ್ತಿ ಕೈಕೆಲಸ. ಈ ಗೋಡೆಗಳನ್ನು ಸುಮ್ನೆ ಅಂದಕ್ಕೆ ಕಲ್ಲಿನದಾಗಿ ಮಾಡಿದ್ದಾರೆ ಅನಿಸಬಹುದು. ನನಗೆ ಅದರಲ್ಲಿ ಕೂಲಿಯ ಲೆಕ್ಕವೂ ಕಾಣುತ್ತದೆ. ಅಲ್ಲಿನ ಜನ ಆ ಕಲ್ಲನ್ನು ಕೋರಲ್ ರಾಕ್ ಅನ್ನುತ್ತಾರೆ. ನಿಜಕ್ಕೂ ಅದು ಹವಳವಲ್ಲ. ರಾಗಿಕಾಳಿಗಿಂತ ಸಣ್ಣ ದುಂಡು ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾದ ಸುಣ್ಣಕಲ್ಲು.

ಒಳಗೆ ಪುರಸಭೆಯ ಅರ್ಧ ಆಡಳಿತವೇ ಇತ್ತು ಅನ್ನಬಹುದು. ಬೆಂಕಿ ಆರಿಸುವ ಗಾಡಿಗಳು, ಆ ಸಿಬ್ಬಂದಿ ಮಲಗುವ ಕೋಣೆ, ಪೊಲೀಸರು, ಲಾಕಪ್ಪು, ಜೊತೆಗೆ ಊರಿನ ನ್ಯಾಯಾಲಯ. ಹಿಡಿದವನನ್ನು ಕೋರ್ಟಿಗೆ ಒಯ್ಯಲು ಬೀದಿ ದಾಟುವ ಕೆಲಸವೇ ಇರಲಿಲ್ಲ ಅಲ್ವಾ! ವಿನ್ಯಾಸಕ ಫಿನಿಯಸ್ ಪೈಸ್ಟ್ 1937ರಲ್ಲೇ ತೀರಿಕೊಂಡರು, ಮುಗಿದ ಕಟ್ಟಡ ನೋಡಲಿಲ್ಲ. ಈಗ ಅಲ್ಲಿ ಊರಿನ ಮ್ಯೂಸಿಯಂ ಇದೆ.

ಒಂದು ಎಚ್ಚರ: ಆ ಕಾಲದ ಸಣ್ಣ ಊರಿನ ಪುರಸಭೆ ಕಟ್ಟಡವೆಲ್ಲ ಡಬ್ಲ್ಯುಪಿಎ ಎಂದು ಬರೆದುಬಿಡಬೇಡಿ. ಎಷ್ಟೋ ಕಟ್ಟಡ ಪಿಡಬ್ಲ್ಯುಎ ಹಣದಲ್ಲಿ ಎದ್ದವು. ಮೊದಲು ಶೇ. 30, ಆಮೇಲೆ ಶೇ. 45ರವರೆಗೆ ಅನುದಾನ ಸಿಗುತ್ತಿತ್ತು. ಉಳಿದದ್ದನ್ನು ಊರು ಹೊಂದಿಸಬೇಕಿತ್ತು, ಸಾಲವಾದರೂ ಸರಿ.