ಗಾಲರು ರೋಮ್ ಹೊಕ್ಕಿದ್ದು ಯಾವ ಇಸವಿಯಲ್ಲಿ?

ಉತ್ತರದಿಂದ ಬಂದ ಗಾಲರೆಂಬ ಬುಡಕಟ್ಟಿನವರು ರೋಮ್ ನಗರವನ್ನು ಕೊಳ್ಳೆ ಹೊಡೆದದ್ದು ಕ್ರಿ.ಪೂ. 390ರಲ್ಲಿ ಎಂದು ಒಂದು ಪುಸ್ತಕ ಹೇಳಿದರೆ, 387 ಎಂದು ಇನ್ನೊಂದು ಹೇಳುತ್ತದೆ. ಮೂರನೆಯದು ಸಾ.ಶ.ಪೂ. 390 ಎನ್ನುತ್ತದೆ. ಓದುವವರಿಗೆ ಇವು ಮೂರು ಬೇರೆ ಬೇರೆ ಲೆಕ್ಕಗಳಂತೆ ಕಾಣುವುದು ಸಹಜ. ಕ್ರಿಸ್ತ ಪೂರ್ವಕ್ಕೂ ಸಾಮಾನ್ಯ ಶಕ ಪೂರ್ವಕ್ಕೂ ಒಂದು ದಿನದ ಅಂತರವೂ ಇಲ್ಲ, ಹೆಸರಷ್ಟೇ ಬೇರೆ. ಆದರೆ 390ಕ್ಕೂ 387ಕ್ಕೂ ನಡುವಿನ ಮೂರು ವರ್ಷ ನಿಜವಾದ ತೊಡಕು, ಅದರ ಬೇರು ರೋಮಿನಲ್ಲೇ ಇದೆ.

ರೋಮನ್ನರು ದಿನನಿತ್ಯದ ವ್ಯವಹಾರದಲ್ಲಿ ವರ್ಷವನ್ನು ಸಂಖ್ಯೆಯಿಂದ ಕರೆಯುತ್ತಿರಲಿಲ್ಲ. ಆ ವರ್ಷ ಅಧಿಕಾರದಲ್ಲಿದ್ದ ಇಬ್ಬರು ಮುಖ್ಯ ಆಡಳಿತಗಾರರಾದ ಕಾನ್ಸಲ್‌ಗಳ ಹೆಸರೇ ವರ್ಷದ ಗುರುತು. ‘ಸಿಸೆರೊ ಮತ್ತು ಆಂಟೋನಿಯಸ್ ಕಾನ್ಸಲ್‌ಗಳಾಗಿದ್ದಾಗ’ ಎಂದರೆ ಕ್ರಿ.ಪೂ. 63. ಹಾಗಾಗಿ ಕಾಲಗಣನೆ ಎಂದರೆ ಹೆಸರುಗಳ ಪಟ್ಟಿಯನ್ನು ಹಿಂದಕ್ಕೆ ಎಣಿಸುತ್ತಾ ಹೋಗುವುದು. ಪಟ್ಟಿಯಲ್ಲಿ ಏರುಪೇರಾದರೆ ಇಸವಿಯೂ ಏರುಪೇರು.

ಆದದ್ದೂ ಅದೇ. ನಗರ ಹುಟ್ಟಿದ್ದು ಕ್ರಿ.ಪೂ. 753ರಲ್ಲಿ ಎಂಬ, ಇಂದಿಗೂ ನಾವು ಬಳಸುವ ಲೆಕ್ಕ ವಾರೋ ಎಂಬ ವಿದ್ವಾಂಸನ ಹೆಸರಿನಲ್ಲಿದೆ. ಈ ಲೆಕ್ಕದಲ್ಲಿ 333, 324, 309, 301 ಈ ನಾಲ್ಕು ವರ್ಷಗಳಿಗೆ ಕಾನ್ಸಲ್‌ಗಳೇ ಇಲ್ಲ, ಸರ್ವಾಧಿಕಾರಿಗಳು ಮಾತ್ರ ಇದ್ದಾರೆ. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಕಲ್ಲಿನಲ್ಲಿ ಕೆತ್ತಿದ ಪಟ್ಟಿಯಲ್ಲೂ ಅವು ಸೇರಿವೆ. ರೋಮಿನ ಇತಿಹಾಸಕಾರ ಲಿವಿಯ ಗ್ರಂಥದಲ್ಲಿ ಮಾತ್ರ ಅವುಗಳ ಸುಳಿವಿಲ್ಲ. ಹಾಗಾಗಿ ಆ ನಾಲ್ಕು ವರ್ಷ ಆಮೇಲೆ ತುಂಬಿಸಿದವು ಎಂಬ ಅನುಮಾನ. ಗಾಲರ ದಾಳಿಯೂ ಗ್ರೀಕರು ಪರ್ಷಿಯಾದ ಅರಸನೊಡನೆ ಒಪ್ಪಂದ ಮಾಡಿಕೊಂಡದ್ದೂ ಒಂದೇ ವರ್ಷ ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಆ ಒಪ್ಪಂದ ಕ್ರಿ.ಪೂ. 387–386ರದ್ದು. 390ರಿಂದ ಆ ನಾಲ್ಕು ವರ್ಷ ಕಳೆದು ನೋಡಿ, ಹೆಚ್ಚೂ ಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತೇವೆ. ಆದರೂ ವಿದ್ವಾಂಸರು ವಾರೋ ಲೆಕ್ಕವನ್ನು ಕೈಬಿಟ್ಟಿಲ್ಲ. ಎಲ್ಲರೂ ಅದನ್ನೇ ಬಳಸುವುದರಿಂದ ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಸುಲಭ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇದು ವಾರೋ ಲೆಕ್ಕ ಎಂಬ ಒಂದು ಮಾತು ಪುಟದ ಅಡಿಯಲ್ಲಾದರೂ ಇರಬೇಕಿತ್ತು.

ತಿಂಗಳುಗಳ ಕಥೆ ಇನ್ನೂ ಕಷ್ಟದ್ದು. ವರ್ಷಕ್ಕೆ 355 ದಿನ, ಕೊರತೆ ತುಂಬಲು ಆಗಾಗ ಒಂದು ಅಧಿಕ ಮಾಸ. ಅದನ್ನು ಸೇರಿಸುವ ಹೊಣೆ ಪುರೋಹಿತ ಮಂಡಳಿಯದು, ಅದು ಎಷ್ಟೋ ಸಲ ಸೇರಲೇ ಇಲ್ಲ. ಕ್ರಿ.ಪೂ. 190ರ ಸೂರ್ಯಗ್ರಹಣ ಜುಲೈ 11ರಂದು ಆಯಿತೆಂದು ಲಿವಿ ಬರೆಯುತ್ತಾನೆ. ಖಗೋಳದ ಲೆಕ್ಕದಲ್ಲಿ ಅದು ಮಾರ್ಚ್ 14. ಸುಮಾರು ನಾಲ್ಕು ತಿಂಗಳ ಅಂತರ! ಕೊನೆಗೆ ಜೂಲಿಯಸ್ ಸೀಸರ್ ಕ್ರಿ.ಪೂ. 46ನ್ನು 445 ದಿನಕ್ಕೆ ಹಿಗ್ಗಿಸಿ ಪಂಚಾಂಗವನ್ನು ಸರಿದಾರಿಗೆ ತಂದ.

ಇಷ್ಟೆಲ್ಲ ಆಗುವಾಗ ‘ಕ್ರಿಸ್ತ ಶಕ’ ಎಂಬುದೇ ಇರಲಿಲ್ಲ. ಕ್ರಿ.ಶ. 525ರಲ್ಲಿ ಡಯೊನೀಸಿಯಸ್ ಎಂಬ ಸನ್ಯಾಸಿ ಈಸ್ಟರ್ ದಿನಗಳ ಪಟ್ಟಿ ಮಾಡುವಾಗ, ಕ್ರೈಸ್ತರನ್ನು ಹಿಂಸಿಸಿದ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಹೆಸರಿನ ಶಕವನ್ನು ಬಿಟ್ಟು ಇದನ್ನು ತಂದ. 8ನೇ ಶತಮಾನದಲ್ಲಿ ಇಂಗ್ಲೆಂಡಿನ ಸನ್ಯಾಸಿ ಬೀಡ್ ಅದನ್ನು ಇತಿಹಾಸ ಬರವಣಿಗೆಗೆ ಹೊಂದಿಸಿದ. ಇಬ್ಬರ ಲೆಕ್ಕದಲ್ಲೂ ಸೊನ್ನೆ ಎಂಬ ವರ್ಷ ಇರಲಿಲ್ಲ, ಈಗಲೂ ಇಲ್ಲ: ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಎಳೆ ಕೂಡಿಕೊಂಡಿದೆ. ಐಹೊಳೆ ಶಾಸನದ ಶಕ 556 ಎಂದರೆ ಕ್ರಿ.ಶ. 634, ಅಲ್ಲಿನ ‘ಶಕ’ವೇ ಬೇರೆ, ‘ಸಾಮಾನ್ಯ ಶಕ’ದ ಶಕವೇ ಬೇರೆ. ಹೊಸ ಹೆಸರು ಬೇಕೋ ಹಳೆಯದೇ ಸಾಕೋ ಎಂಬ ಚರ್ಚೆಗೆ ಕೊಡುವ ಸಮಯದಲ್ಲಿ ಸ್ವಲ್ಪವನ್ನಾದರೂ ಈ ಎಣಿಕೆಗೆ ಕೊಡಬೇಕು.

ಪೂರ್ವದ ಇಸವಿಗಳಲ್ಲಿ ದೊಡ್ಡ ಸಂಖ್ಯೆಯೇ ಹಳೆಯದು. ಸೀಸರ್ ಕೊಲೆಯಾದ 44 ಮೊದಲು, ಅಗಸ್ಟಸ್ ಬಿರುದು ಬಂದ 27 ಆಮೇಲೆ. ಗಡಿ ದಾಟುವಾಗ ಮಾತ್ರ ಎಡವುತ್ತೇವೆ. ಕವಿ ವರ್ಜಿಲ್ ಹುಟ್ಟಿದ್ದು ಕ್ರಿ.ಪೂ. 70ರಲ್ಲಿ. ಅವನ ಎರಡು ಸಾವಿರದ ವರ್ಷಾಚರಣೆ ನಡೆದದ್ದು 1930ರಲ್ಲಿ. ಸೊನ್ನೆ ವರ್ಷ ಇಲ್ಲವಾದ್ದರಿಂದ ಎರಡು ಸಾವಿರ ತುಂಬಿದ್ದು 1931ರಲ್ಲಿ. ಅಗಸ್ಟಸ್ ಹುಟ್ಟಿದ್ದು ಕ್ರಿ.ಪೂ. 63ರ ಸೆಪ್ಟೆಂಬರ್ 23, ತೀರಿಕೊಂಡದ್ದು ಕ್ರಿ.ಶ. 14ರ ಆಗಸ್ಟ್ 19. ಕೂಡಿದರೆ 77, ಇಲ್ಲದ ಸೊನ್ನೆಗಾಗಿ ಒಂದು ಕಳೆದರೆ 76, ಆ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿರಲಿಲ್ಲ. ಆಗ ಅವನಿಗೆ 75.